ಐದನೆಯ ಶೆಡ್ಡಿಗೆ ತಲುಪದ ದನಿ

ಚಿಕ್ಕಮ್ಮ ಅಡುಗೆಮನೆಯ ಗೋಡೆಗೆ ಚೀಟಿಗಳನ್ನು ಅಂಟಿಸಿದ್ದಳು: ‘ಒಲೆ ಆರಿಸಿದೆ’, ‘ನಲ್ಲಿ ನಿಲ್ಲಿಸಿದೆ’, ‘ಬಾಗಿಲು ಹಾಕಿದೆ’. ಪ್ರತಿಯೊಂದರ ಪಕ್ಕ ಪೆನ್ಸಿಲ್ಲಿನ ಗೀಟು. ಅವಳಿಗಿನ್ನೂ ಐವತ್ತಾರು.

“ಏನಿದು ಚಿಕ್ಕಮ್ಮ?”

“ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು ಪುಟ್ಟ. ಕೊನೆಗೆ ನನ್ನನ್ನೇ ‘ಯಾರಮ್ಮಾ ನೀನು’ ಅಂದ್ಲು.”

ನಾವಿಬ್ಬರೂ ಒಂದೇ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುವವರು. ಐದು ಶೆಡ್ಡುಗಳು, ತಂಪು ಮಾಡಲು ಅಮೋನಿಯಾ. ಚಿಕ್ಕಮ್ಮ ಕಂಟ್ರೋಲ್ ರೂಮಿನಲ್ಲಿ ಮೈಕಿನ ಮುಂದೆ ಕೂರುವವಳು, ಹಾಗಾಗಿ ಎಲ್ಲರ ಬಾಯಲ್ಲೂ ಮೈಕಮ್ಮ. ಅವಳ ದನಿಯನ್ನು ಸ್ಪೀಕರುಗಳಿಗೆ ಒಯ್ಯುವ ನೆಟ್‌ವರ್ಕ್ ನನ್ನದು. ಹೋದ ವರ್ಷ ಹಳೆಯ ತಂತಿಗಳನ್ನು ಕಿತ್ತು ಮಲ್ಟಿಕಾಸ್ಟ್ ಕೂರಿಸಿದ್ದೆ. ಮಾತು ಮೈಕಿನಿಂದ ಒಮ್ಮೆ ಮಾತ್ರ ಹೊರಡುತ್ತದೆ. ದಾರಿ ಕವಲೊಡೆಯುವಲ್ಲಿ ರೂಟರುಗಳು ಅದರ ಪ್ರತಿ ಮಾಡಿ ಶೆಡ್ಡುಗಳತ್ತ ಕಳಿಸುತ್ತವೆ.

ಮೂರು ವಾರದ ಹಿಂದೆ, ಒಂದು ಮಧ್ಯಾಹ್ನ, ಸರಕು ಎತ್ತುವ ಫೋರ್ಕ್‌ಲಿಫ್ಟ್ ಗೋಡೆಗೆ ಗುದ್ದಿ ಅಮೋನಿಯಾ ಪೈಪು ಬಿರಿಯಿತು. ಚಿಕ್ಕಮ್ಮ ‘ಎಲ್ಲ ಶೆಡ್’ ಗುಂಡಿ ಒತ್ತಿ, ಹೊರಗೆ ಓಡಿ ಎಂದು ಕೂಗಿದಳು. ನಾಲ್ಕು ಶೆಡ್ಡುಗಳು ಖಾಲಿಯಾದವು. ಐದನೆಯದರಲ್ಲಿ ಏನೂ ಕೇಳಿಸಲಿಲ್ಲ. ಅಲ್ಲಿದ್ದ ಲೋಡರ್ ಒಬ್ಬ ಆ ಗಾಳಿ ಕುಡಿದು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದ. ಈಗಲೂ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

ಮರುದಿನದ ವಿಚಾರಣೆಯಲ್ಲಿ ಐದೂ ಸ್ಪೀಕರುಗಳು ಸರಿಯಾಗಿಯೇ ಕೂಗಿದವು. “ಸಿಸ್ಟಮ್ ಸರಿಯಿದೆಯೇನಪ್ಪಾ?” ಎಂದರು ಮ್ಯಾನೇಜರ್. “ಇದೆ ಸರ್” ಎಂದೆ. ಹಾಗಿದ್ದರೆ ಮೈಕಮ್ಮ ‘ಎಲ್ಲ ಶೆಡ್’ ಬದಲು ಒಂದೊಂದೇ ಶೆಡ್ಡಿನ ಗುಂಡಿ ಒತ್ತುತ್ತ ಐದನೆಯದನ್ನು ಮರೆತಿರಬೇಕು ಎಂದು ತೀರ್ಮಾನವಾಯಿತು.

ಮೊದಲ ದಿನ ಚಿಕ್ಕಮ್ಮ “ಒತ್ತಿದೀನಿ!” ಎಂದು ಜಗಳಕ್ಕೇ ನಿಂತಳು. ಆಮೇಲೆ “ಒತ್ತಿದೆ ಅನ್ಸುತ್ತೆ” ಎಂದಳು. ವಾರ ಕಳೆಯುವಷ್ಟರಲ್ಲಿ, “ಒತ್ತಲಿಲ್ವೇನೋ.”

ನಿಜ ಏನೆಂದು ಅಪಘಾತದ ಸಂಜೆಯೇ ನನಗೆ ಗೊತ್ತಾಗಿತ್ತು. ಫೋರ್ಕ್‌ಲಿಫ್ಟ್ ಪೈಪಿನ ಜೊತೆ ಐದನೆಯ ಶೆಡ್ಡಿನ ಕೇಬಲ್ಲನ್ನೂ ತುಂಡರಿಸಿತ್ತು. ಇಂಥ ಹೊತ್ತಿಗೆಂದೇ ನಾನು ಸುತ್ತಿ ಬರುವ ಎರಡನೆಯ ದಾರಿ ಇಟ್ಟಿದ್ದೆ. ಆದರೆ ಹೊರಟ ಮಾತಿಗೆ ಒಂದು ಅಂಕಿ ಅಂಟಿರುತ್ತದೆ. ದಾಟಿದ ಪ್ರತಿ ರೂಟರೂ ಅದರಲ್ಲಿ ಒಂದನ್ನು ಕಳೆಯುತ್ತದೆ. ಸೊನ್ನೆಯಾದಲ್ಲಿ ಮಾತನ್ನು ಎಸೆದುಬಿಡುತ್ತದೆ. ದನಿ ಆಫೀಸಿನ ಕಡೆ ಅಲೆಯದಿರಲಿ ಎಂಬ ಅತಿಜಾಣತನದಲ್ಲಿ ನಾನು ನಾಲ್ಕು ಎಂದು ಕೊಟ್ಟಿದ್ದೆ. ನೇರ ದಾರಿಯಲ್ಲಿ ಮೂರೇ ರೂಟರು. ಸುತ್ತು ದಾರಿಯಲ್ಲಿ ಐದು.

ಕೂರಿಸಿದ ದಿನ ನೇರ ಕೇಬಲ್ ಕಿತ್ತು ನೋಡಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. ಊಟದ ಹೊತ್ತಾಗಿತ್ತು. ‘ಎರಡೂ ದಾರಿ ಪರೀಕ್ಷಿಸಲಾಗಿದೆ’ ಎಂದು ಬರೆದು ಸಹಿ ಹಾಕಿದ್ದೆ. ಅಪಘಾತದ ಸಂಜೆ ಕೇಬಲ್ ಜೋಡಿಸಿ, ಸದ್ದಿಲ್ಲದೆ ನಾಲ್ಕನ್ನು ಹದಿನಾರು ಮಾಡಿದೆ.

ಆ ಚೀಟಿಗಳ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಚಿಕ್ಕಮ್ಮ ನಕ್ಕಳು.

“ನಂಗೆ ಸಮಾಧಾನ ಆಗ್ಲಿ ಅಂತ ಎಷ್ಟುದ್ದ ಕತೆ ಕಟ್ಟಿದೀಯೋ!”

“ಕತೆಯಲ್ಲ, ನನ್ನಾಣೆ.”

“ಚಿಕ್ಕೋನಿದ್ದಾಗ್ಲೂ ಹೀಗೇ. ತಂಗಿ ಲೋಟ ಒಡೆದ್ರೆ ನಾನೇ ಒಡೆದೆ ಅಂತಿದ್ದೆ. ಬಿಡು. ನಾಡಿದ್ದಿಂದ ಕೆಲ್ಸಕ್ಕೆ ಬರಲ್ಲ ಅಂತ ಬರೆದುಕೊಟ್ಟಾಯ್ತು. ಇನ್ನೊಬ್ಬನ ಉಸಿರು ನಿಲ್ಸೋ ಮೊದ್ಲು ಎದ್ದು ಹೋಗೋದು ವಾಸಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ತಲೆ ಸವರಿದಳು.

ಮರುದಿನ ಶೆಡ್ಡಿನವರು ಊಟಕ್ಕೆ ಹೋದಾಗ ಅವಳನ್ನು ಐದನೆಯ ಶೆಡ್ಡಿನ ಸ್ಪೀಕರಿನ ಕೆಳಗೆ ನಿಲ್ಲಿಸಿದೆ. ಅವಳ ಕಣ್ಣೆದುರೇ ನೇರ ಕೇಬಲ್ ಕಿತ್ತೆ. ಕಂಟ್ರೋಲ್ ರೂಮಿಗೆ ಹೋಗಿ ಹದಿನಾರನ್ನು ನಾಲ್ಕು ಮಾಡಿ, ‘ಎಲ್ಲ ಶೆಡ್’ ಒತ್ತಿ, ಮೈಕಿನಲ್ಲಿ ಒಂದರಿಂದ ಹತ್ತರವರೆಗೆ ಎಣಿಸಿದೆ. ಮತ್ತೆ ಹದಿನಾರು ಮಾಡಿ, ಮತ್ತೆ ಎಣಿಸಿದೆ.

ಹಿಂತಿರುಗಿದಾಗ ಅವಳು ಸ್ಪೀಕರನ್ನೇ ನೋಡುತ್ತಿದ್ದಳು.

“ಮೊದಲ್ನೇ ಸಲ ಪಕ್ಕದ ಶೆಡ್ಡಲ್ಲಿ ಕೇಳಿಸ್ತು. ಇಲ್ಲಿ ಇಲ್ಲ” ಎಂದಳು. “ಹಾಗಾದ್ರೆ ನಾನು ಒತ್ತಿದ್ದೆ.”

“ಹೌದು, ನೀನು ಒತ್ತಿದ್ದೆ ಚಿಕ್ಕಮ್ಮ.”

ಅವಳ ಮುಖದಲ್ಲಿ ಬೆಳಕು ಮೂಡಿದ್ದು ನಿಜ. ಆದರೆ ಅದು ನನ್ನ ಕಡೆ ತಿರುಗುವಷ್ಟರಲ್ಲಿ ಆರಿಹೋಗಿತ್ತು.

“ಹೋದ ವಾರ ನೆನಪಿನ ಪರೀಕ್ಷೆಗೆ ಅಂತ ಡಾಕ್ಟರ ಹತ್ರ ಕರ್ಕೊಂಡು ಹೋದೋನು ನೀನು. ನೂರರಿಂದ ಏಳೇಳು ಕಳೀರಿ ಅಂತ ಅವರು ಅಂದಾಗ, ನಾನು ತೊದಲ್ತಾ ಇದ್ದಾಗ, ಪಕ್ಕದಲ್ಲೇ ಕೂತಿದ್ದೆಯಲ್ಲೋ.”

ಕಿತ್ತ ಕೇಬಲ್ ಜೋಡಿಸಲು ಕೈ ಚಾಚಿದೆ.

“ಅದು ಹಾಗೇ ಇರ್ಲಿ. ಮತ್ತೆ ನಾಲ್ಕು ಮಾಡು” ಎಂದಳು. “ಮ್ಯಾನೇಜರನ್ನ ಕರ್ಕೊಂಡು ಬರ್ತೀನಿ. ಆ ಲೋಡರನ್ನೂ. ಅವನು ಬರೋದು ನಿಧಾನ ಆಗುತ್ತೆ. ಕಾಯ್ತಾ ಇರು.”