ಕಾಲು ಸುಮ್ಮನಿದ್ದ ದಿನ

ನಮ್ಮ ಹೊಲಿಗೆ ಅಂಗಡಿಗೆ ಪೋಕರ್ ತಂದವನು ದಾರ ಮಾರಲು ಬರುತ್ತಿದ್ದ ಏಜೆಂಟು. ಅವನು ಕೆಲಸ ಬಿಟ್ಟು ಹೋದ, ಆಟ ಉಳಿಯಿತು. ಜೊತೆಗೆ ಅವನ ಹಳೇ ಇಸ್ಪೀಟ್ ಕಟ್ಟೂ ಉಳಿಯಿತು. ಎಲೆಗಳ ಮೂಲೆ ಸವೆದು, ಕೆಂಪು ಬಣ್ಣ ಮಾಸಿತ್ತು. ಮಧ್ಯಾಹ್ನ ಊಟದ ಡಬ್ಬಿ ಮುಗಿದ ಮೇಲೆ ಕಟಿಂಗ್ ಟೇಬಲ್ಲಿನ ಮೇಲೆ ಬಟನ್ ಪಣ ಇಟ್ಟು ಆಡುತ್ತಿದ್ದೆವು.

ಈ ಆಟದ ರುಚಿ ಎಲೆಯಲ್ಲಿಲ್ಲ. ಐದು ಎಲೆ ಬರುತ್ತವೆ, ಬೇಡವಾದದ್ದನ್ನು ಒಂದು ಸಲ ಬದಲಾಯಿಸಬಹುದು, ಅಷ್ಟೇ. ಆಮೇಲೆ ಬಟನ್ ಮುಂದೆ ತಳ್ಳಿ, ಕೈಯಲ್ಲಿ ಏನೂ ಇಲ್ಲದಿದ್ದರೂ ಎಲ್ಲ ಇರುವವನ ಹಾಗೆ ಕೂರಬೇಕು. ಎದುರಿನವನು ಹೆದರಿ ಎಲೆ ಕೆಳಗಿಟ್ಟರೆ ಪಣವೆಲ್ಲ ನಮ್ಮದು. ಹೆದರದೆ ತಾನೂ ಅಷ್ಟೇ ಬಟನ್ ಇಟ್ಟು ತೋರಿಸು ಎಂದರೆ, ಯಾರ ಎಲೆ ಮೇಲೋ ಅವರದು. "ನಾಳೆ ಖಂಡಿತ ರೆಡಿ ಇರುತ್ತೆ ಸಾರ್" ಎಂದು ಮೂವತ್ತು ವರ್ಷ ಗಿರಾಕಿಗಳ ಮುಖ ನೋಡಿ ಹೇಳಿದವನಿಗೆ ಇದ್ಯಾವ ಮಹಾ ವಿದ್ಯೆ ಎಂದುಕೊಂಡಿದ್ದೆ. ಆದರೂ ದಿನಾ ಸೋಲುತ್ತಿದ್ದೆ. ಯಾಕೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಕಿಟಕಿ ಪಕ್ಕದ ಮಿಷನ್ ಖಾಲಿಯಾಯಿತು. ಅಲ್ಲಿ ಕೂರುತ್ತಿದ್ದ ಹಿರಿಯರು ಸೊಂಟ ನೋವೆಂದು ಮನೆ ಸೇರಿದರು. ನನ್ನ ಮಿಷನ್ ಇದ್ದದ್ದು ಒಳಗಿನ ಮೂಲೆಯಲ್ಲಿ, ಕಣ್ಣು ಮಿಟುಕಿಸುವ ಟ್ಯೂಬ್‌ಲೈಟಿನ ಕೆಳಗೆ. ಒಂದು ವರ್ಷದಿಂದ ಆ ಮೂಲೆಯಲ್ಲಿ ನನಗೆ ಕರಿ ಬಟ್ಟೆಯ ಮೇಲೆ ಕರಿ ದಾರ ಕಾಣುತ್ತಿರಲಿಲ್ಲ. ಬಾಯಿ ಬಿಡುವಂತಿಲ್ಲ. ನಮ್ಮ ಕಟಿಂಗ್ ಮಾಸ್ಟರು ಕರಿ ಕೋಟಿನ ಕೆಲಸ ಕೊಡುವುದು ಕಣ್ಣು ಚುರುಕಿದ್ದವರಿಗೆ ಮಾತ್ರ. ಹಿಂದೆ ಒಬ್ಬ "ಸ್ವಲ್ಪ ಮಂಜು ಮಂಜು" ಎಂದು ಹೇಳಿದ್ದಕ್ಕೆ ಸಾಯಂಕಾಲದೊಳಗೆ ದಿಂಬಿನ ಕವರಿಗೆ ಇಳಿದುಬಿಟ್ಟ. ಕೋಟು ಹೊಲಿಯುವವನಿಗೆ ದಿಂಬಿನ ಕವರ್ ಎಂದರೆ ಅಡುಗೆ ಭಟ್ಟನಿಗೆ ನೀರು ಕಾಯಿಸು ಅಂದ ಹಾಗೆ.

ಆ ಕಿಟಕಿಯ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬ ನನ್ನ ಷಡ್ಡಕ. ಹೆಂಡತಿಯ ತಂಗಿಯ ಗಂಡ ಒಂದೇ ಅಂಗಡಿಯಲ್ಲಿದ್ದರೆ ಏನಾಗುತ್ತದೆಂದು ಗೊತ್ತಿದ್ದವರಿಗೇ ಗೊತ್ತು. ನಾವು ಎರಡು ದಿನ ಜಗಳವಾಡಿದೆವು. ಮೂರನೇ ದಿನ ಮಾಸ್ಟರು ಕತ್ತರಿ ಕೆಳಗಿಟ್ಟರು.

"ಇಬ್ರೂ ಬಾಯಿ ಮುಚ್ರೋ. ತಲಾ ನಲವತ್ತು ಬಟನ್ ತಗೊಳ್ಳಿ. ಎರಡು ಗಂಟೆಗೆ ನಾನು ಕತ್ತರಿ ಎತ್ಕೊಳ್ತೀನಿ. ಆಗ ಯಾರ ಮುಂದೆ ಬಟನ್ ಜಾಸ್ತಿನೋ ಅವರಿಗೆ ಕಿಟಕಿ. ಆಮೇಲೆ ಉಸಿರು ಎತ್ತೋ ಹಾಗಿಲ್ಲ."

ಎಲೆ ಹಂಚಲು ಕಾಜಾ ಅಕ್ಕ ಕೂತಳು. ಕಾಜಾ ಹೊಲಿದು ಬಟನ್ ಹಾಕುವುದು ಅವಳ ಕೆಲಸ. ಆಟದಲ್ಲಿ ನಮ್ಮೆಲ್ಲರಿಗೂ ಗುರು. ಅಂಗಡಿಯ ಬಟನ್ ಡಬ್ಬಿ ಅವಳ ಸುಪರ್ದಿನಲ್ಲಿ, ನಮ್ಮಿಂದ ಗೆದ್ದ ಬಟನ್ನಿನ ಡಬ್ಬಿ ಬೇರೆ.

ಒಂದೂವರೆ ಹೊತ್ತಿಗೆ ನನ್ನ ಹತ್ತಿರ ಮೂವತ್ತೈದು ಉಳಿದಿತ್ತು, ಷಡ್ಡಕನ ಮುಂದೆ ನಲವತ್ತೈದು. ನಾನು ಸುಳ್ಳು ಹೂಡಿದಾಗಲೆಲ್ಲ ಅವನು ಟೇಬಲ್ಲಿನ ಕಡೆ ತಲೆ ಬಗ್ಗಿಸಿ, ನಕ್ಕು, "ತೋರ್ಸಯ್ಯ" ಅನ್ನುತ್ತಿದ್ದ. ಮೈ ಉರಿದುಹೋಗುತ್ತಿತ್ತು. ಎಷ್ಟೋ ಹೊತ್ತು ಹೀಗೇ ಒಂದೆರಡು ಬಟನ್ ಅತ್ತ ಇತ್ತ ಓಡಾಡಿದವು. ಆಗ ಬಂತು ನೋಡಿ.

ಒಂದು ಎಲೆ ಬದಲಾಯಿಸಿ ನೋಡಿದರೆ ಐದೂ ಆಟೀನು! ಐದೂ ಒಂದೇ ಜಾತಿ ಬರುವುದು ಯಾವಾಗಲೋ ಒಮ್ಮೆ, ಒಂದು ತಪ್ಪಿದರೂ ಕೈ ಖಾಲಿ. ನನಗೆ ಎಂಥ ನೆಮ್ಮದಿಯಾಯಿತೆಂದರೆ ಊಟ ಮಾಡಿ ಮಲಗಿದವನ ಹಾಗೆ ಕೂತುಬಿಟ್ಟೆ. ಇಬ್ಬರೂ ಹತ್ತು ಹತ್ತು ಇಟ್ಟಿದ್ದೆವು. ಉಳಿದ ಇಪ್ಪತ್ತೈದನ್ನೂ ಮುಂದೆ ತಳ್ಳಿದೆ.

ಷಡ್ಡಕ ಎಂದಿನಂತೆ ತಲೆ ಬಗ್ಗಿಸಿದ. ಈ ಸಲ ನಗಲಿಲ್ಲ. ತನ್ನ ಎಲೆ ನೋಡಿದ, ಮತ್ತೆ ಬಗ್ಗಿ ನೋಡಿದ. ಗೋಡೆಯ ಗಡಿಯಾರ ನೋಡಿದ.

"ಇನ್ನೂ ಹತ್ತು ನಿಮಿಷ ಇದೆ. ಹೋಗಿದ್ದು ಹತ್ತು ಬಟನ್ ತಾನೇ, ಇನ್ನೊಂದಾಟದಲ್ಲಿ ವಸೂಲಿ ಮಾಡ್ತೀನಿ" ಎಂದು ಎಲೆ ಕೆಳಗಿಟ್ಟ.

"ಎರಡಾಯ್ತು" ಎಂದು ಮಾಸ್ಟರು ಕತ್ತರಿ ಎತ್ತಿಕೊಂಡರು.

"ಎರಡಾ? ಒಂದೂ ಐವತ್ತಲ್ವಾ ಮಾಸ್ಟರ್ರೇ?"

"ಕಣ್ಣು ಬಿಟ್ಟು ನೋಡು, ಮುಳ್ಳು ಹನ್ನೆರಡರ ಮೇಲೆ ಕೂತಿದೆ."

ಕಿಟಕಿ ನನ್ನದಾಗಿತ್ತು. ಬಟನ್ ಬಾಚಿಕೊಂಡು ಎದ್ದು ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಎದುರಿನವನು ಎಲೆ ಬಿಟ್ಟ ಮೇಲೆ ನಮ್ಮದನ್ನು ತೋರಿಸಬೇಕೆಂದೇನೂ ಇಲ್ಲ. ಆದರೆ ಎದುರಿಗಿದ್ದವನು ಷಡ್ಡಕನಲ್ಲವೇ, ತೋರಿಸದೆ ಹೇಗಿರಲಿ?

"ನೋಡ್ಕೋ! ಐದೂ ಆಟೀನು!" ಎಂದು ಎಲೆಗಳನ್ನು ಹರಡಿದೆ.

ಕಾಜಾ ಅಕ್ಕ ಮಧ್ಯದ ಎಲೆಯ ಮೇಲೆ ಬೆರಳಿಟ್ಟಳು.

"ಇದೇನಪ್ಪಾ ಇದು?"

"ಆಟೀನು ಎಂಟು."

"ಡೈಮಂಡ್ ಎಂಟು ಕಣಪ್ಪಾ."

ಷಡ್ಡಕ ತನ್ನ ಎಲೆ ತಿರುಗಿಸಿ ಟೇಬಲ್ಲಿಗೆ ಬಡಿದ. ಮೂರು ರಾಜರು. "ಏನೂ ಇಲ್ದೆ ಇದ್ದೋನಿಗೆ ಮೂರು ರಾಜರನ್ನ ಬಿಟ್ಕೊಟ್ನಲ್ಲೋ! ಎಲ್ಲಾ ನಿನ್ನ ಕಾಲಿಂದ!"

"ನನ್ನ ಕಾಲು ಏನು ಮಾಡ್ತು?"

"ಏನೂ ಮಾಡ್ಲಿಲ್ಲ, ಅದೇ ಗ್ರಹಚಾರ! ಸುಳ್ಳು ಹೂಡಿದಾಗಲೆಲ್ಲ ನಿನ್ನ ಕಾಲು ಟೇಬಲ್ ಕೆಳಗೆ ಮಿಷನ್ ತುಳಿಯೋ ಹಾಗೆ ಆಡುತ್ತೆ. ಇವತ್ತು ಸುಮ್ನಿತ್ತು. ನಿಜವಾಗಲೂ ಎಲೆ ಬಂದಿದೆ ಅಂದ್ಕೊಂಡೆ!"

ನಾನು ಕಾಜಾ ಅಕ್ಕನ ಮುಖ ನೋಡಿದೆ. ಅವಳು ತನ್ನ ಬಟನ್ ಡಬ್ಬಿಯನ್ನು ಮೆಲ್ಲಗೆ ಸೆರಗಿನ ಮರೆಗೆ ಸರಿಸಿಕೊಂಡಳು.

ಮಾಸ್ಟರಿಗೆ ಕಾಲಿನ ಚಿಂತೆ ಇರಲಿಲ್ಲ. ಸೂಜಿ ಮತ್ತು ಕರಿ ದಾರ ನನ್ನ ಮುಂದೆ ಹಿಡಿದರು. "ಪೋಣಿಸು."

ದಾರದ ತುದಿ ಬಾಯಲ್ಲಿ ಒದ್ದೆ ಮಾಡಿ ಚುಚ್ಚಿದೆ. ಗಾಳಿಗೆ ಹೋಯಿತು. ಮತ್ತೊಮ್ಮೆ, ಬೆರಳಿಗೆ.

"ಕಾಣುತ್ತಾ ಇಲ್ವಾ?"

"ಚೆನ್ನಾಗಿ ಕಾಣುತ್ತೆ ಮಾಸ್ಟರ್ರೇ. ದಾರದ ತುದಿ ಬಿಚ್ಕೊಂಡಿದೆ ಅಷ್ಟೇ."

ಮೂವರೂ ಒಟ್ಟಿಗೆ ಟೇಬಲ್ ಕೆಳಗೆ ಬಗ್ಗಿದರು. ನಾನೂ ಬಗ್ಗಿ ನೋಡಿದೆ. ನನ್ನ ಬಲಗಾಲು ನನ್ನನ್ನು ಒಂದು ಮಾತೂ ಕೇಳದೆ, ಒಂದು ಪ್ಯಾಂಟಿನ ಉದ್ದಕ್ಕೂ ಹೊಲಿಗೆ ಹಾಕುವ ವೇಗದಲ್ಲಿ ತುಳಿಯುತ್ತಿತ್ತು.

ಷಡ್ಡಕ ಬಿದ್ದು ಬಿದ್ದು ನಕ್ಕ. ಮಾಸ್ಟರು ಅದೇ ಸೂಜಿಯನ್ನು ಅವನ ಕೈಗೆ ಕೊಟ್ಟರು. "ಗಡಿಯಾರ ಕಾಣದವನು ನೀನು. ಪೋಣಿಸು ನೋಡೋಣ." ಅವನ ನಗು ನಿಂತಿತು. ಅವನು ಐದು ಸಲ ಚುಚ್ಚಿದ, ಆರನೇ ಸಲ ರಕ್ತ ಬಂತು.

"ವರ್ಷದಿಂದ ಇವರಿಬ್ಬರ ಕೋಟಿನ ಹೊಲಿಗೆ ಬಿಚ್ಚಿ ಸರಿ ಮಾಡ್ತಿರೋದು ಯಾರು ಅಂದ್ಕೊಂಡ್ರಿ ಮಾಸ್ಟರ್ರೇ?" ಎಂದಳು ಕಾಜಾ ಅಕ್ಕ. "ಬಟನ್ ಗೆಲ್ತಾ ಇದ್ದೆ, ಹೋಗ್ಲಿ ಪಾಪ ಅಂತ ಸುಮ್ನಿದ್ದೆ."

ಮಾಸ್ಟರು ಹಣೆ ಒತ್ತಿಕೊಂಡರು. "ಕಾಣಲ್ಲ ಅಂತ ಹೇಳಕ್ಕೇನ್ರೋ ಕಷ್ಟ ನಿಮಗೆ?"

"ಹೇಳಿದ್ರೆ ದಿಂಬಿನ ಕವರ್ ಕೊಡ್ತೀರಲ್ಲ" ಎಂದೆ. ಕಾಲು ಅಲ್ಲಾಡಲಿಲ್ಲ.

ಅವರು ಬಗ್ಗಿ ನನ್ನ ಕಾಲು ನೋಡಿ, ಆಮೇಲೆ ಮುಖ ನೋಡಿದರು. "ಸರಿ. ಇಬ್ರೂ ಕನ್ನಡಕ ಮಾಡಿಸ್ಕೊಂಡು ಬನ್ನಿ, ಕರಿ ಕೋಟು ನಿಮಗೇ, ಕಿಟಕಿ ಗೆದ್ದವನಿಗೇ. ಅಲ್ಲೀವರೆಗೆ ದಿಂಬಿನ ಕವರ್, ಜೊತೆಜೊತೆಗೆ."

ನಾಲ್ಕು ದಿನ ಷಡ್ಡಕರಿಬ್ಬರೂ ಎದುರುಬದುರು ಕೂತು ಕವರ್ ಹೊಲಿದೆವು. ಐದನೇ ದಿನ ಕನ್ನಡಕ ಹಾಕಿ ಕಿಟಕಿ ಪಕ್ಕ ಕೂತರೆ ಮಧ್ಯಾಹ್ನದ ಬಿಸಿಲು ಕತ್ತು ಸುಡತೊಡಗಿತು. ಅದನ್ನು ಷಡ್ಡಕನಿಗೆ ಹೇಳಿಲ್ಲ. ಗೆದ್ದ ಜಾಗ ಎಷ್ಟು ಸೊಗಸು ಎಂದು ದಿನಾ ಹೊಗಳುತ್ತೇನೆ.

ಆಟ ನಿಂತಿಲ್ಲ. ಈಗ ನಾನು ಸ್ಟೂಲಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಆಡುತ್ತೇನೆ. ಯಾವ ಕಾಲು ಏನು ತುಳಿಯುತ್ತದೋ ನೋಡೋಣ. ಆದರೂ ಕಾಜಾ ಅಕ್ಕನ ಡಬ್ಬಿ ತುಂಬುತ್ತಲೇ ಇದೆ. ಸುಳ್ಳು ಹೂಡುವಾಗ ನಾನು ಈಗ ಕನ್ನಡಕ ತೆಗೆದು ಒರೆಸುತ್ತೇನೆಂದು ಕಾಣುತ್ತದೆ. ಅವಳಾಗಿ ಹೇಳಿಲ್ಲ. ನಾನು ಕನ್ನಡಕಕ್ಕೆ ಕೈ ಹಾಕಿದ ಕೂಡಲೇ ಅವಳು ಡಬ್ಬಿಯ ಮುಚ್ಚಳ ತೆಗೆದಿಡುತ್ತಾಳೆ.