ಪೆಟ್ಟಿಗೆಯೂರಿನ ರಾಣಿ

ಭವ್ಯಶ್ರೀ ತನ್ನ ಅತ್ತೆಯನ್ನು ರಾಕ್ಷಸಿ ಮಾಡಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ರಾಣಿ ಮಾಡಿದ್ದಳು, ಅಷ್ಟೆ. ಎಂಥ ರಾಣಿ ಅನ್ನುವುದು ಮಾತ್ರ ಕಥೆ ಓದಿದವರಿಗೆಲ್ಲ ಗೊತ್ತಾಗುವಂತಿತ್ತು. ಆ ಕಥೆ ಅಚ್ಚಾದ ಮಕ್ಕಳ ಮಾಸಪತ್ರಿಕೆ ದಸರೆಯ ಆರನೇ ದಿನ ಸಂಜೆ ಎದುರುಮನೆಯ ಚೂಡಾಮಣಿ ಮೇಡಂ ಕೈಯಲ್ಲಿ ಮೈಸೂರಿನ ದಟ್ಟಗಳ್ಳಿಯ ಈ ಅತ್ತೆ-ಸೊಸೆಯ ಮನೆಗೇ ಬಂದುಬಿಟ್ಟಿತು.

"ವಸಂತಮ್ಮನೋರೆ, ನಿಮ್ಮ ಸೊಸೆ ಕಥೆ ಬಂದಿದೆ ನೋಡಿ. ನಿಮಗೆ ಹೇಳೇ ಇಲ್ವಾ?"

ಹೇಳುವುದೆಲ್ಲಿ? ಅಂಚೆಯಲ್ಲಿ ಬಂದ ಪ್ರತಿಯನ್ನು ಭವ್ಯಶ್ರೀ ನಾಲ್ಕು ದಿನದಿಂದ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದಳು.

ಬರೆದದ್ದು ಹೋದ ವರ್ಷದ ಸಿಟ್ಟಿನಲ್ಲಿ. ಆ ಮನೆಯಲ್ಲಿ ಗೊಂಬೆ ಕೂರಿಸುವುದೆಂದರೆ ಅತ್ತೆ ವಸಂತಮ್ಮನ ರಾಜ್ಯಭಾರ. ಏಳು ಮೆಟ್ಟಿಲು. ಪೆಟ್ಟಿಗೆಯ ಬೀಗದ ಕೈ ಅವರ ಸೊಂಟದಲ್ಲಿ. ಯಾವ ಗೊಂಬೆ ಎಲ್ಲಿ ನಿಲ್ಲಬೇಕು ಅನ್ನುವುದು ಅವರದೇ ತೀರ್ಮಾನ. ಹಬ್ಬ ಮುಗಿದ ಮೇಲೆ ಒಂದೊಂದನ್ನೂ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಮೂರು ಗಂಟು ಹಾಕುವುದೂ ಅವರೇ. ಭವ್ಯಶ್ರೀ ತವರಿನಿಂದ ತಂದಿದ್ದ ಒಂದೇ ಒಂದು ಗೊಂಬೆ, ಮೊಸರು ಕಡೆಯುವ ಹೆಂಗಸು, ಹದಿಮೂರು ದಸರೆಯನ್ನು ಪೆಟ್ಟಿಗೆಯೊಳಗೇ ಕಳೆದಿತ್ತು. ಕೇಳಿದಾಗಲೆಲ್ಲ ಒಂದೇ ಉತ್ತರ: "ಈ ಸಲ ಬ್ಯಾಡ ಕಣವ್ವ, ಮುಂದಿನ್ ವರ್ಸ ನೋಡಾನ."

ಎದುರಾಡುವ ಜಾಯಮಾನ ಭವ್ಯಶ್ರೀಯದಲ್ಲ. ಕಥೆ ಬರೆದಳು. ಗುರುತು ಸಿಗಬಾರದೆಂದು ಪೆಟ್ಟಿಗೆಯನ್ನು ಒಂದು ರಾಜ್ಯ ಮಾಡಿದಳು, ಮೊಸರು ಕಡೆಯುವವಳನ್ನು ಎಬ್ಬಿಸಿ ಬೀಸುವ ಕಲ್ಲಿನ ಮುಂದೆ ಕೂರಿಸಿದಳು, ಪತ್ರಿಕೆಗೆ ಕಳಿಸಿಯೂ ಬಿಟ್ಟಳು. ಪತ್ರಿಕೆಯವರು ಒಂದು ವರ್ಷ ತುಟಿ ಬಿಚ್ಚಲಿಲ್ಲ.

ಅಷ್ಟರಲ್ಲಿ ವಸಂತಮ್ಮನಿಗೆ ಮಂಡಿನೋವು ಶುರುವಾಯಿತು. "ನಂಗೆ ಬಗ್ಗಕಾಗಲ್ಲ, ನೀನೇ ಕೂರ್ಸವ್ವ" ಎಂದು ಈ ಸಲ ಬೀಗದ ಕೈಯನ್ನು ಸೊಸೆಯ ಅಂಗೈಗೆ ಇಟ್ಟರು. ಮೊಸರು ಕಡೆಯುವವಳು ಮೂರನೇ ಮೆಟ್ಟಿಲು ಹತ್ತಿದಳು. ಅತ್ತೆ ನೋಡಿ, "ಚೆನ್ನಾಗವ್ಳೆ" ಅಂದರು. ಆ ಒಂದು ಮಾತಿಗೆ ಭವ್ಯಶ್ರೀಯ ಹದಿಮೂರು ವರ್ಷದ ಸಿಟ್ಟು ಇಳಿದುಹೋಯಿತು. ಮಾರನೇ ದಿನವೇ ಆ ಹಾಳು ಕಥೆ ಅಚ್ಚಾಗಿ ಬಂತು. ಈಗ ತಾನೇ ಒಲಿದ ಅತ್ತೆ ಇದನ್ನು ಓದಿದರೆ ಇನ್ನು ಜನ್ಮದಲ್ಲಿ ತನ್ನನ್ನು ನಂಬುವುದಿಲ್ಲ ಎಂದೇ ಅವಳು ಅದನ್ನು ಬಚ್ಚಿಟ್ಟಿದ್ದು.

"ಎಂಗೂ ಮಕ್ಳು ಬಂದವ್ರೆ. ಓದು ಮಗ, ಎಲ್ರೂ ಕೇಳಾನ" ಅಂದರು ವಸಂತಮ್ಮ, ಮೊಮ್ಮಗಳು ಸಿಂಚನಳಿಗೆ.

"ಗೊಂಬೆ ಕೂರ್ಸಿದೀರಾ?" ಎಂದು ಕೇಳಿಕೊಂಡು ಬಂದಿದ್ದ ಬೀದಿಯ ನಾಲ್ಕು ಮಕ್ಕಳು ಬಟನ್ ಗಾತ್ರದ ಚಕ್ಕುಲಿ ಕಡಿಯುತ್ತಾ ಚಾಪೆಯ ಮೇಲೆ ಕೂತಿದ್ದವು. ಸಿಂಚನ ಮೂಲೆಯಲ್ಲಿ ಮುಖ ಊದಿಸಿಕೊಂಡಿದ್ದಳು. ಅವಳೇ ಜೇಡಿಮಣ್ಣಿನಲ್ಲಿ ಮಾಡಿ ಬಂಗಾರದ ಕಾಗದದ ರೆಕ್ಕೆ ಅಂಟಿಸಿದ್ದ ಆಮೆಗೆ ಮೆಟ್ಟಿಲ ಮೇಲೆ ಜಾಗ ಸಿಕ್ಕಿರಲಿಲ್ಲ. ಆಮೆಯನ್ನು ತೊಡೆಯ ಮೇಲಿಟ್ಟುಕೊಂಡೇ ಓದತೊಡಗಿದಳು. ಭವ್ಯಶ್ರೀ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಳು.

ಪೆಟ್ಟಿಗೆಯೂರಿಗೆ ಮುಚ್ಚಳವೇ ಆಕಾಶ, ನುಸಿಗುಳಿಗೆಯೇ ಚಂದ್ರ. ವರ್ಷಕ್ಕೊಮ್ಮೆ ಆಕಾಶ ತೆರೆಯುತ್ತದೆ. ಯಾರು ಬೆಳಕಿಗೆ ಹೋಗಬೇಕೆಂದು ಬೀಗದ ಕೈಯಿರುವ ರಾಣಿ ಹೇಳುತ್ತಾಳೆ. ರಾಗಿ ಬೀಸುವ ಹುಡುಗಿಗೆ ಮಾತ್ರ ಪ್ರತಿ ಸಲವೂ, "ಮುಂದಿನ ವರ್ಷ ನೋಡೋಣ." ಹೀಗೆ ಹೇಳಿ ರಾಣಿ ಅವಳನ್ನು ಬಟ್ಟೆಯಲ್ಲಿ ಸುತ್ತಿ ಮೂರು ಗಂಟು ಹಾಕುತ್ತಾಳೆ.

ಮೂರು ಗಂಟು ಬಂದ ಕೂಡಲೇ ಭವ್ಯಶ್ರೀ ಕಣ್ಣು ಮುಚ್ಚಿಕೊಂಡಳು. ಇಡೀ ಮನೆಯ ವೇಷ ಬದಲಿಸಿದವಳು ಇದನ್ನು ಬದಲಿಸಲು ಮರೆತಿದ್ದಳು. ಚೂಡಾಮಣಿ ಮೇಡಂ ಮೆಲ್ಲಗೆ ವಸಂತಮ್ಮನ ಕಡೆ ತಿರುಗಿದರು.

ಕಥೆ ಮುಂದೆ ಹೋಯಿತು. ಕೊನೆಗೆ ಆ ಹುಡುಗಿ ಗಂಟು ಬಿಚ್ಚಿಕೊಂಡು, ಚಂದ್ರನನ್ನೇ ಕಲ್ಲಿಗೆ ಹಾಕಿ ಬೀಸಿ, ಆ ಬಿಳಿ ಪುಡಿಯಲ್ಲಿ ಪೆಟ್ಟಿಗೆಯ ನೆಲದ ಮೇಲೆ ಏಳು ಮೆಟ್ಟಿಲು ಬರೆಯುತ್ತಾಳೆ. ಉಳಿದುಹೋದ ಗೊಂಬೆಗಳೆಲ್ಲ ಅಲ್ಲೇ ದಸರೆ ಮಾಡುತ್ತವೆ.

ಮಕ್ಕಳು ಚಪ್ಪಾಳೆ ತಟ್ಟಿದವು. ವಸಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನನ್ ಕಥೆ ನಿಂಗ್ಯಾರವ್ವ ಹೇಳುದ್ರು?"

ಭವ್ಯಶ್ರೀ ತಬ್ಬಿಬ್ಬಾದಳು. "ನಿಮ್ದಾ ಅತ್ತೆ?"

"ಇನ್ಯಾರ್ದು? ಮದ್ವೆಯಾಗಿ ಎಂಟ್ ವರ್ಸ, ದಸರಾ ನೋಡಕೆ ಮನೆಯೋರೆಲ್ಲ ಗಾಡಿ ಕಟ್ಕೊಂಡು ಮೈಸೂರಿಗೆ ಬರೋರು. ನಾನ್ ಒಬ್ಳೇ ರಾಗಿ ಬೀಸ್ಕೊಂಡು ಕುಂತಿರೋಳು. ನಮ್ಮತ್ತೆ ಇದೇ ಮಾತು ಹೇಳೋರು, ಮುಂದಿನ್ ವರ್ಸ ನೋಡಾನ ಅಂತ. ಅದುಕ್ಕೇ ಇಲ್ಲಿ ಮನೆ ಮಾಡಿದ್ ವರ್ಸನೇ ಏಳು ಮೆಟ್ಲು ಕಟ್ಟುಸ್ದೆ, ನಂದೇ ಒಂದ್ ದಸರಾ ಇರ್ಲಿ ಅಂತ." ಮೂರನೇ ಮೆಟ್ಟಿಲ ಮೊಸರು ಕಡೆಯುವವಳನ್ನು ನೋಡಿದರು. "ಆಮೇಕೆ ರಾಣಿನೂ ನಾನೇ ಆಗೋದೆ. ಮೂರ್ ಗಂಟು ಈ ಮನೇಲಿ ಇನ್ಯಾರು ಹಾಕ್ತಾರೆ? ಗೊತ್ತಾಯ್ತು ಬುಡು."

"ಅತ್ತೆ, ಸಿಟ್ಟಲ್ಲಿ ಬರೆದಿದ್ದು. ತಪ್ಪಾಯ್ತು."

"ತಪ್ಪೇನಿಲ್ಲ ಕಣವ್ವ. ಬಾಯಲ್ಲಿ ಹೇಳಿದ್ರೆ ನಾನ್ ಕೇಳ್ತಿರ್ನಿಲ್ಲ."

ಭವ್ಯಶ್ರೀಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಮನಸ್ಸು ಹಗುರವಾಗಿತ್ತು. ಕಥೆ ಚೆನ್ನಾಗಿಯೇ ಇದೆ ಅಂತಲೂ ಅನ್ನಿಸಿತು. ಆಗ ಸಿಂಚನ ಪತ್ರಿಕೆ ಮಡಿಸಿಟ್ಟು ಅಜ್ಜಿಯನ್ನು ನೋಡಿದಳು.

"ರಾಣಿ ನೀವಾ ಅಜ್ಜಿ? ನಾನು ಅಮ್ಮ ಅನ್ಕೊಂಡೆ."

"ನಾನಾ?" ಅಂದಳು ಭವ್ಯಶ್ರೀ.

"ಹೂಂ. ಬೀಗದ ಕೈ ಈಗ ನಿನ್ನ ಹತ್ರಾನೇ ಇರೋದು. ಆಮೆ ಇಡ್ಲಾ ಅಂತ ಕೇಳಿದ್ದಕ್ಕೆ ನೀನೇ ಅಂದೆಯಲ್ಲ, ಈ ಸಲ ಬೇಡ, ಮುಂದಿನ ವರ್ಷ ನೋಡೋಣ ಅಂತ."

ಚೂಡಾಮಣಿ ಮೇಡಂ ಚಕ್ಕುಲಿ ಬಾಯಿಗಿಟ್ಟವರು ಹಾಗೇ ಉಳಿದರು. ವಸಂತಮ್ಮ ಮಂಡಿ ಹಿಡಿದುಕೊಂಡು ನಕ್ಕರು, ನಗು ನಿಲ್ಲಿಸಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭವ್ಯಶ್ರೀ ಮಾತ್ರ ಮಗಳ ಮುಖವನ್ನೇ ನೋಡುತ್ತಿದ್ದಳು. ಆ ಮಾತು ಎಷ್ಟು ಸಲೀಸಾಗಿ ತನ್ನ ಬಾಯಿಂದ ಬಂದಿತ್ತು ಎಂದು ಅವಳಿಗೆ ನೆನಪಾಯಿತು.

ಅವಳು ಬಂದು ಕೈ ಚಾಚಿದಳು. ಸಿಂಚನ ಅನುಮಾನಿಸುತ್ತಲೇ ಆಮೆಯನ್ನು ಕೊಟ್ಟಳು. ಮೂರನೇ ಮೆಟ್ಟಿಲಲ್ಲಿ ಭವ್ಯಶ್ರೀ ಮೊಸರು ಕಡೆಯುವವಳನ್ನು ಒಂದಿಷ್ಟು ಸರಿಸಿ, ಪಕ್ಕದಲ್ಲಿ ರೆಕ್ಕೆಯ ಆಮೆಯನ್ನು ನಿಲ್ಲಿಸಿದಳು.

"ಇನ್ನೊಂಚೂರು ಎಡಕ್ಕೆ" ಅಂದರು ವಸಂತಮ್ಮ, ಕೂತಲ್ಲಿಂದಲೇ.

ಭವ್ಯಶ್ರೀ ನಗುತ್ತಾ ಎಡಕ್ಕೆ ಸರಿಸಿ, ಸೊಂಟದ ಬೀಗದ ಕೈ ತೆಗೆದು ಸಿಂಚನಳ ಅಂಗೈಗೆ ಇಟ್ಟಳು. "ಮುಂದಿನ ವರ್ಷ ನೀನೇ ಕೂರ್ಸು."