ಬಾಯಿ ತುಂಬ ಗುಂಡುಸೂಜಿ

ದರ್ಜಿಯ ಮಗಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಹೆಸರೇನೋ ಗುಬ್ಬಿ, ಎರಡು ತುಂಬಿ ಮೂರರತ್ತ ಹೊರಟರೂ ಚಿಲಿಪಿಲಿ ಇರಲಿ, 'ಅಪ್ಪ' ಎಂಬ ಒಂದು ಮಾತೂ ಅವಳ ಬಾಯಿಂದ ಬಂದಿರಲಿಲ್ಲ. ಬೇಕಾದರೆ 'ಹ್ಞೂಂ', ಬೇಡವಾದರೆ 'ಉಹ್ಞೂಂ'. ಅಷ್ಟರಲ್ಲೇ ಅವಳ ಸಂಸಾರ ಸಾಗುತ್ತಿತ್ತು.

ದರ್ಜಿಯ ಹೆಂಡತಿ ಬೆಳಗ್ಗೆ ಗಿರಣಿ ಕೆಲಸಕ್ಕೆ ಹೋದರೆ ತಿರುಗಿ ಬರುವಾಗ ಮಗು ತೂಕಡಿಸುತ್ತಿರುತ್ತಿತ್ತು. ಹಗಲೆಲ್ಲ ಗುಬ್ಬಿಯ ವಾಸ ಅಂಗಡಿಯ ಮೇಜಿನ ಕೆಳಗೆ, ಚೂರುಬಟ್ಟೆಯ ರಾಶಿಯ ಮೇಲೆ. ಹೊತ್ತುಹೊತ್ತಿಗೆ ಊಟ, ನಿದ್ದೆ, ಆಡಲು ದಾರದ ಖಾಲಿ ರೀಲುಗಳು. ದರ್ಜಿ ಅವಳನ್ನು ಅಂಗೈಯಲ್ಲಿಟ್ಟು ಸಾಕುತ್ತಿದ್ದ. ಗಿರಾಕಿಗಳು "ಮಗೂಗೆ ಕಿವಿ ಕೇಳುತ್ತೇನ್ರಿ?" ಎಂದಾಗಲೆಲ್ಲ ಅವನು ಬಗ್ಗಿ ಮೇಜಿನ ಕೆಳಗೆ ನೋಡುತ್ತಿದ್ದ. ಮಗಳು ಮೂಕಿಯಾಗಿಯೇ ಉಳಿದುಬಿಟ್ಟರೆ?

ಕೊನೆಗೆ ಅವಳನ್ನೆತ್ತಿಕೊಂಡು ಮಕ್ಕಳ ಡಾಕ್ಟರಮ್ಮನ ಹತ್ತಿರ ಹೋದ. ಜೊತೆಗೆ ಅವನ ಅಕ್ಕನೂ ಬಂದಳು. ತಾಯಿ ಕಣ್ಣು ಮುಚ್ಚಿದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಡಾಕ್ಟರಮ್ಮ ಕಿವಿಯ ಪರೀಕ್ಷೆ ಮಾಡಿಸಿದರು, ಮಗುವನ್ನು ಆಟವಾಡಿಸಿ ನೋಡಿದರು.

"ಕಿವಿ ಚೆನ್ನಾಗಿದೆ, ಬುದ್ಧಿಯೂ ಚುರುಕು. ಹಗಲೊತ್ತು ಇವಳ ಜೊತೆ ಯಾರು ಮಾತಾಡ್ತಾರೆ?"

"ನಾನೇ ಇರ್ತೀನಲ್ಲ, ಡಾಕ್ಟ್ರಮ್ಮ."

"ಇರ್ತೀರಿ, ಸರಿ. ಮಾತಾಡ್ತೀರಾ?"

ಅಕ್ಕ ಹಣೆ ಚಚ್ಚಿಕೊಂಡಳು. "ಎಲ್ಲಿ ಮಾತಾಡ್ತಾನೆ! ದಿನವೆಲ್ಲ ಬಾಯಲ್ಲಿ ಗುಂಡುಸೂಜಿ ಕಚ್ಕೊಂಡಿರ್ತಾನೆ. ಮಗು ಏನು ತೋರಿಸಿದ್ರೂ ಹ್ಞೂಂ, ಉಹ್ಞೂಂ. ಇವಳು ಅಪ್ಪನ ಭಾಷೆನೇ ಕಲ್ತಿದಾಳೆ!"

ಡಾಕ್ಟರಮ್ಮ ನಕ್ಕರು. ದರ್ಜಿಗೆ ಮಾತ್ರ ನಗು ಬರಲಿಲ್ಲ.

"ಕೆಲಸ ಮಾಡ್ತಾನೇ ಅವಳಿಗೆ ಹೇಳ್ತಾ ಹೋಗಿ. ಹೇಳಿ ಸ್ವಲ್ಪ ಕಾಯಿರಿ. ಅವಳು ಬರೀ ಹ್ಞೂಂ ಅಂದ್ರೂ ಮಾತಲ್ಲೇ ಉತ್ತರ ಕೊಡಿ. ಎರಡು ತಿಂಗಳು ಬಿಟ್ಟು ತಪ್ಪದೆ ಕರ್ಕೊಂಡು ಬನ್ನಿ."

ಮರುದಿನ ಅಕ್ಕ ಹಳೇ ಬಟ್ಟೆಯಲ್ಲಿ ಹತ್ತಿ ತುಂಬಿದ ಪುಟ್ಟ ದಿಂಬೊಂದನ್ನು ಹೊಲಿದು ತಂದು ಅವನ ಮಣಿಕಟ್ಟಿಗೆ ಕಟ್ಟಿದಳು. "ಸೂಜಿ ಇದಕ್ಕೆ. ಬಾಯಿ ಮಗೂಗೆ."

"ಉತ್ತರ ಕೊಡದವಳ ಹತ್ರ ಏನಂತ ಮಾತಾಡ್ಲಿ ಅಕ್ಕ?"

"ಚಿಕ್ಕವನಿದ್ದಾಗ ನೀನೂ ಕೊಡ್ತಿರ್ಲಿಲ್ಲ ಕಣೋ. ನಾನು ಬಿಟ್ನಾ?"

ಸುಮ್ಮನಿದ್ದೇ ಬಾಳಿದವನಿಗೆ ಬಾಯಿ ಬಿಡುವುದೆಂದರೆ ಕಬ್ಬಿಣದ ಕಡಲೆ. ಆದರೂ ಶುರು ಮಾಡಿದ. "ನೋಡು ಗುಬ್ಬಿ, ಇದು ಕತ್ತರಿ. ಈಗ ತೋಳು ಕತ್ತರಿಸ್ತೀನಿ. ಹೆದರ್ಬೇಡ, ಅಂಗಿ ತೋಳು!" ಗಿರಾಕಿಗಳು ಇವನಿಗೆ ತಲೆ ಕೆಟ್ಟಿತೆಂದುಕೊಂಡರು. ಗುಬ್ಬಿ ಮಾತ್ರ ಮೆಲ್ಲಗೆ ಮೇಜಿನ ಕೆಳಗಿಂದ ಹೊರಬಂದಳು. ಆಮೇಲೆ ಮೇಜಿನ ಮೇಲೇ ಕುಳಿತು ಅಪ್ಪನ ತುಟಿಯನ್ನೇ ನೋಡತೊಡಗಿದಳು. ಮಾತು ಮಾತ್ರ ಬರಲಿಲ್ಲ. ದರ್ಜಿ ಎಷ್ಟೋ ಸಲ ಸೋತು ಸೂಜಿಯನ್ನು ಬಾಯಿಗೆ ಒಯ್ದು, ದಿಂಬನ್ನು ಕಂಡು ಕೈ ಇಳಿಸಿದ.

ಒಂದು ಮಧ್ಯಾಹ್ನ ಅಕ್ಕ ಬಂದು ಬಾಗಿಲಲ್ಲಿ ನಿಂತಳು. ಅವಳ ರವಿಕೆಯ ಬಟ್ಟೆ ಯಾವ ಕಾಲದಿಂದಲೋ ಅಟ್ಟಣಿಗೆಯ ಮೇಲೆ ಧೂಳು ತಿನ್ನುತ್ತಿತ್ತು. ಮನೆಯವಳು ತಾನೆ, ಕಾಯುತ್ತಾಳೆ ಎಂದು ದರ್ಜಿ ಪ್ರತಿ ಸಲವೂ ನಾಳೆಗೆ ದೂಡುತ್ತಿದ್ದ.

"ನನ್ನ ರವಿಕೆ ಆಯ್ತೇನೋ?"

ಅವನು ತಲೆ ಎತ್ತುವ ಮೊದಲೇ ಮೇಜಿನ ಮೇಲಿಂದ ದನಿ ಬಂತು. "ನಾಳೆ ಬಾ!"

ಅಕ್ಕ ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ದರ್ಜಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ, ಮಗಳನ್ನು ಎದೆಗವಚಿಕೊಂಡ. "ನಾಳೆ ಅಲ್ಲ ಕಂದಾ, ಇವತ್ತೇ."

ಬಟ್ಟೆ ಇಳಿಸಿ ಕೊಡವಿದ, ಅಳತೆಪಟ್ಟಿ ಹಿಡಿದ. ಅಕ್ಕನಿಗೆ ಹೇಳಬೇಕಾದದ್ದು ಅವನ ಎದೆ ತುಂಬ ಇತ್ತು. ಅವಳ ಮುಖ ನೋಡಿ ಹೇಳಲಾಗದೆ ಮಗಳ ಕಡೆ ತಿರುಗಿ ಹೇಳಿದ. "ನೋಡು ಗುಬ್ಬಿ, ಇದು ಅತ್ತೆ ತೋಳು. ಈ ತೋಳಲ್ಲೇ ನನ್ನ ಎತ್ಕೊಂಡು ಮಾತು ಕಲಿಸಿದ್ದು. ಈಗ ನಿನಗೂ ಕಲಿಸಿದ್ದು ಇವಳೇ."

"ಅತ್ತೆ ತೋಳು," ಎಂದಳು ಗುಬ್ಬಿ.

ಊರಿಗೆಲ್ಲ ಮಾತು ಹಂಚುವ ಅಕ್ಕ ಏನೋ ಹೇಳಲು ಹೋಗಿ, ಗುಬ್ಬಿಯ ಕೆನ್ನೆ ಸವರಿದಳು.

"ಹ್ಞೂಂ," ಎಂದಳು.